ಡಾಕ್ಯುಮೆಂಟ್ ಕನ್ವರ್ಷನ್ ಸಾಫ್ಟ್‌ವೇರ್: ಕ್ಲೌಡ್ ತಗೋಬೇಕಾ, ನಮ್ಮದೇ ಸರ್ವರ್‌ನಲ್ಲಿ ಹಾಕ್ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲೌಡ್ ವರ್ಷನ್, ಆನ್‌ಪ್ರೆಮಿಸ್ ವರ್ಷನ್ ಅಂದ್ರೆ ನಿಜವಾಗ್ಲೂ ವ್ಯತ್ಯಾಸ ಏನು?

ಕ್ಲೌಡ್ ಅಂದ್ರೆ ನಿಮ್ಮ ವರ್ಡ್ ಫೈಲೋ ಎಕ್ಸೆಲ್ ಶೀಟೋ ಇಂಟರ್ನೆಟ್ ಮೂಲಕ ಬೇರೆಯವರ ಸರ್ವರ್‌ಗೆ ಹೋಗುತ್ತೆ, ಅಲ್ಲಿ ಪಿಡಿಎಫ್ ಆಗಿ ವಾಪಸ್ ಬರುತ್ತೆ, ನೀವು ಒಂದು ಎಪಿಐ ಕೀ ಇಟ್ಕೊಂಡು ಕರೆದ್ರೆ ಸಾಕು (ಎಪಿಐ ಅಂದ್ರೆ ನಿಮ್ಮ ಪ್ರೋಗ್ರಾಮ್ ಅವರ ಪ್ರೋಗ್ರಾಮ್‌ಗೆ ಕೆಲಸ ಹೇಳೋ ದಾರಿ, ಕೀ ಅಂದ್ರೆ ಅದರ ಪಾಸ್‌ವರ್ಡ್ ಥರ). ಆನ್‌ಪ್ರೆಮಿಸ್ ಅಂದ್ರೆ ಅದೇ ಕೆಲಸ ಮಾಡೋ ಸಾಫ್ಟ್‌ವೇರನ್ನ ನೀವೇ ನಿಮ್ಮ ಮಷೀನ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೀವೇ ನೋಡ್ಕೊಳ್ಳೋದು. ಇಷ್ಟು ಎಲ್ರಿಗೂ ಗೊತ್ತು. ಆದ್ರೆ ಇದ್ರಿಂದ ಎರಡು ವಿಷಯ ನಿರ್ಧಾರ ಆಗುತ್ತೆ, ಅದನ್ನ ಜನ ಯೋಚನೆ ಮಾಡೋದು ಕಮ್ಮಿ: ಒಂದು, ಫೈಲ್ ಕನ್ವರ್ಟ್ ಆಗೋವಾಗ ಯಾರ ಡಿಸ್ಕ್ ಮೇಲೆ ಇರುತ್ತೆ ಅನ್ನೋದು. ಇನ್ನೊಂದು, ಕನ್ವರ್ಟ್ ಮಾಡೋ ಇಂಜಿನ್ ಯಾವತ್ತು ಬದಲಾಗ್ಬೇಕು ಅಂತ ಯಾರು ಹೇಳ್ತಾರೆ ಅನ್ನೋದು. ಮೊದಲನೇದರ ಬಗ್ಗೆ ಎಲ್ರೂ ಮಾತಾಡ್ತಾರೆ, ನನ್ನ ಪ್ರಕಾರ ಎರಡನೇದೇ ಹೆಚ್ಚು ಜನರಿಗೆ ಹೊಡೆತ ಕೊಡೋದು, ಅದಕ್ಕೆ ಮುಂದೆ ಬರ್ತೀನಿ.

ಔಟ್‌ಪುಟ್ ಕ್ವಾಲಿಟಿ ಯಾವುದರಲ್ಲಿ ಚೆನ್ನಾಗಿರುತ್ತೆ?

ಎಲ್ಲಿ ಓಡುತ್ತೆ ಅನ್ನೋದಕ್ಕೂ ಕ್ವಾಲಿಟಿಗೂ ನೇರ ಸಂಬಂಧ ಇಲ್ಲ. ಒಂದೇ ಕಂಪನಿ ಕ್ಲೌಡ್ ಮತ್ತೆ ಆನ್‌ಪ್ರೆಮಿಸ್ ಎರಡನ್ನೂ ಮಾರ್ತಿದ್ರೆ ಒಳಗೆ ಸಾಮಾನ್ಯವಾಗಿ ಒಂದೇ ಇಂಜಿನ್ ಇರುತ್ತೆ. ಲಿಬ್ರೆಆಫೀಸ್ (ಫ್ರೀ ಆಫೀಸ್ ಸಾಫ್ಟ್‌ವೇರ್), ಕ್ರೋಮಿಯಂ (ಕ್ರೋಮ್ ಬ್ರೌಸರ್‌ನ ಓಪನ್ ಸೋರ್ಸ್ ಬುಡ), ಘೋಸ್ಟ್‌ಸ್ಕ್ರಿಪ್ಟ್ (ಪಿಡಿಎಫ್ ಓದಿ ಬರೆಯೋ ಟೂಲ್), ಟೆಸರಾಕ್ಟ್ (ಚಿತ್ರದಿಂದ ಅಕ್ಷರ ಓದೋ ಟೂಲ್) ಇವನ್ನೇ ಒಳಗಿಟ್ಟು ಮೇಲೊಂದು ಎಪಿಐ ಕಟ್ಟಿರೋ ಸರ್ವಿಸ್‌ಗಳು ಬೇಕಾದಷ್ಟಿವೆ, ಅದು ತಪ್ಪೇನಲ್ಲ, ಆದ್ರೆ ನೀವು ದುಡ್ಡು ಕೊಡೋ ಮುಂಚೆ ಒಳಗಿರೋ ಇಂಜಿನ್ ಯಾವುದು ಅಂತ ಬಾಯಿಬಿಟ್ಟು ಕೇಳಿ.

ಫಾರ್ಮ್ಯಾಟ್ ಸ್ಟ್ಯಾಂಡರ್ಡ್ ಆಗಿದ್ರೂ ವ್ಯತ್ಯಾಸ ಬರುತ್ತಲ್ಲ ಅಂತ ಕೇಳ್ತಾರೆ. ವರ್ಡ್‌ನ ಡಾಕ್ಸ್ ಫಾರ್ಮ್ಯಾಟ್ 2006ರಲ್ಲಿ ಎಕ್ಮಾ ಅನ್ನೋ ಸಂಸ್ಥೆಯ ಸ್ಟ್ಯಾಂಡರ್ಡ್ ಆಯ್ತು, 2008ರಲ್ಲಿ ಐಎಸ್‌ಒ 29500 ಆಯ್ತು, ಸರಿ. ಆದ್ರೆ ಆ ಫೈಲ್ ಒಳಗೆ ಈ ಸಾಲು ಇಲ್ಲಿ ಮುಗೀಬೇಕು, ಈ ಪೇಜ್ ಅಲ್ಲಿ ಮುಗೀಬೇಕು ಅಂತ ಪಕ್ಕಾ ಬರೆದಿರಲ್ಲ. ಅದನ್ನ ಓಪನ್ ಮಾಡೋ ಪ್ರೋಗ್ರಾಮ್ ಲೆಕ್ಕ ಹಾಕಿ ಜೋಡಿಸುತ್ತೆ. ಪಿಡಿಎಫ್‌ನಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಅಕ್ಷರದ ಜಾಗ ಮೊದಲೇ ಫಿಕ್ಸ್. ಹಾಗಾಗಿ ಕನ್ವರ್ಷನ್ ಅಂದ್ರೆ ಆ ಜೋಡಣೆಯ ಕೆಲಸವೇ, ಎರಡು ಇಂಜಿನ್ ಎರಡು ಥರ ಜೋಡಿಸೋದು ಸಹಜ.

ಅದೇ ಫೈಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ 12 ಪೇಜ್, ಸರ್ವರ್‌ನಲ್ಲಿ ಕನ್ವರ್ಟ್ ಮಾಡಿದ್ರೆ 13 ಪೇಜ್. ಯಾಕೆ?

ನೂರಕ್ಕೆ ತೊಂಬತ್ತು ಸಲ ಫಾಂಟ್. ಬೇರೆ ಏನನ್ನೂ ನೋಡೋಕೆ ಮುಂಚೆ ಫಾಂಟ್ ನೋಡಿ.

ಆಗೋದು ಹೀಗೆ. ಫೈಲ್‌ನಲ್ಲಿ ಕ್ಯಾಲಿಬ್ರಿ ಅಂತಿದೆ, ಆಫೀಸ್ 2007ರಿಂದ ವರ್ಷಗಟ್ಟಲೆ ಅದೇ ಡಿಫಾಲ್ಟ್ ಆಗಿತ್ತು, ಸರ್ವರ್ ಲಿನಕ್ಸ್, ಅದರಲ್ಲಿ ಕ್ಯಾಲಿಬ್ರಿ ಇಲ್ಲ. ಇಂಜಿನ್ ಎರರ್ ಕೊಡಲ್ಲ, ಸುಮ್ನೆ ಇನ್ನೊಂದು ಫಾಂಟ್ ಹಾಕ್ಕೊಳ್ಳುತ್ತೆ. ಆ ಫಾಂಟ್‌ನ ಅಕ್ಷರಗಳು ಕೂದಲೆಳೆಯಷ್ಟು ಅಗಲ ಇದ್ರೂ ಸಾಕು, ಒಂದು ಸಾಲಿನ ಕೊನೇ ಪದ ಕೆಳಗೆ ಬೀಳುತ್ತೆ, ಪ್ಯಾರಾ ಒಂದು ಸಾಲು ಉದ್ದ ಆಗುತ್ತೆ, ಟೇಬಲ್ ಮುಂದಿನ ಪೇಜ್‌ಗೆ ಜಾರುತ್ತೆ, ಸಹಿ ಹಾಕೋ ಜಾಗ ಒಂದೇ ಒಂದು ಖಾಲಿ ಪೇಜ್ ಮೇಲೆ ಹೋಗಿ ಕೂತ್ಕೊಳ್ಳುತ್ತೆ. ಇದಕ್ಕೇ ಕಾರ್ಲಿಟೋ ಅನ್ನೋ ಫ್ರೀ ಫಾಂಟ್ ಇದೆ, ಅದರ ಅಕ್ಷರಗಳ ಅಗಲ ಕ್ಯಾಲಿಬ್ರಿಗೆ ಸರಿಸಮ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತೆ ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಫಾಂಟ್‌ಗಳು. ಇವು ಮೂರು ಹಾಕಿದ್ರೆ ಅರ್ಧ ಜಗಳ ಮುಗೀತು. ಈಗ ಹೊಸ ಆಫೀಸ್‌ನಲ್ಲಿ ಡಿಫಾಲ್ಟ್ ಆಪ್ಟೋಸ್ ಆಗಿದೆ, ಹಳೇ ಸರ್ವರ್ ಇಮೇಜ್‌ಗಳಲ್ಲಿ (ಮೊದಲೇ ತಯಾರಿಸಿಟ್ಟ ಸರ್ವರ್ ಅಚ್ಚುಗಳಲ್ಲಿ) ಅದು ಇರಲ್ಲ, ಹಾಗಾಗಿ ನಿನ್ನೆವರೆಗೂ ಚೆನ್ನಾಗಿದ್ದ ಸಿಸ್ಟಮ್ ಯಾರೋ ಲ್ಯಾಪ್‌ಟಾಪ್ ಬದಲಾಯಿಸಿದ ತಕ್ಷಣ ಕೆಡುತ್ತೆ.

ಇಲ್ಲಿ ಆನ್‌ಪ್ರೆಮಿಸ್‌ಗೆ ಒಂದು ಸ್ಪಷ್ಟ ಲಾಭ: ನಿಮ್ಮ ಸಂಸ್ಥೆಗೆ ಅಂತ ಕೊಂಡ ಫಾಂಟ್ ಇದ್ರೆ ಫೋಲ್ಡರ್‌ಗೆ ಹಾಕಿ ಫಾಂಟ್ ಕ್ಯಾಶ್ ರಿಫ್ರೆಶ್ ಮಾಡಿದ್ರೆ ಆಯ್ತು. ಕ್ಲೌಡ್‌ನಲ್ಲಿ ಕಸ್ಟಮ್ ಫಾಂಟ್ ಅಪ್‌ಲೋಡ್ ಮಾಡೋಕೆ ಬಿಡ್ತಾರಾ ಅಂತ ಕೇಳ್ಬೇಕು, ಕೆಲವರು ಬಿಡಲ್ಲ. ಹಾಗಂತ ವಿಂಡೋಸ್ ಮಷೀನ್‌ನಿಂದ ಫಾಂಟ್ ಫೋಲ್ಡರನ್ನೇ ಎತ್ತಿ ಲಿನಕ್ಸ್ ಸರ್ವರ್‌ಗೆ ಕಾಪಿ ಮಾಡ್ಬೇಡಿ, ಫಾಂಟ್‌ಗೂ ಲೈಸೆನ್ಸ್ ಅಂತ ಇರುತ್ತೆ.

ಕನ್ನಡ ಫೈಲ್‌ಗಳು ಸರಿಯಾಗಿ ಕನ್ವರ್ಟ್ ಆಗ್ತವಾ?

ಈಗಿನ ಇಂಜಿನ್‌ಗಳಲ್ಲಿ ಆಗ್ತವೆ, ಯಾಕಂದ್ರೆ ಲಿಬ್ರೆಆಫೀಸ್ ಕ್ರೋಮಿಯಂ ಎರಡೂ ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಬಳಸ್ತವೆ. ಆದ್ರೆ ಟೆಸ್ಟ್ ಮಾಡದೆ ಒಪ್ಕೋಬೇಡಿ. 'ಸ್ವಾತಂತ್ರ್ಯ', 'ರಾಷ್ಟ್ರ', 'ಅರ್ಕಾವತ್ತು' ಥರದ ಒತ್ತಕ್ಷರ ಅರ್ಕ ಇರೋ ನಾಲ್ಕು ಪದ ಹಾಕಿ ಕನ್ವರ್ಟ್ ಮಾಡಿ ನೋಡಿ. ಒತ್ತು ಪಕ್ಕಕ್ಕೆ ಬಿದ್ದಿದ್ರೆ ಜೋಡಣೆ ಕೆಟ್ಟಿದೆ, ಖಾಲಿ ಚೌಕ ಬಂದ್ರೆ ಕನ್ನಡ ಫಾಂಟೇ ಇಲ್ಲ. ಆಮೇಲೆ ಇನ್ನೊಂದು ಹೆಜ್ಜೆ, ಇದನ್ನ ಯಾರೂ ಮಾಡಲ್ಲ: ಬಂದ ಪಿಡಿಎಫ್‌ನಿಂದ ಆ ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕಣ್ಣಿಗೆ ಸರಿಯಾಗಿ ಕಾಣ್ತಿದ್ರೂ ಪೇಸ್ಟ್ ಮಾಡಿದಾಗ ಅಕ್ಷರ ಚೆಲ್ಲಾಪಿಲ್ಲಿ ಆಗಿದ್ರೆ ಆ ಪಿಡಿಎಫ್‌ನಲ್ಲಿ ಸರ್ಚ್ ಕೆಲಸ ಮಾಡಲ್ಲ, ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರ್‌ಗೂ ಓದೋಕೆ ಬರಲ್ಲ. ಇದು ದೊಡ್ಡ ವಿಷಯ.

ಕ್ಲೌಡ್‌ಗೆ ಕಳ್ಸಿದ ಫೈಲ್ ಆಮೇಲೆ ಏನಾಗುತ್ತೆ?

ಅದು ಆ ಸರ್ವಿಸ್‌ನವರ ರಿಟೆನ್ಶನ್ ಪಾಲಿಸಿ (ಫೈಲ್ ಎಷ್ಟು ಹೊತ್ತು ಇಟ್ಕೋತೀವಿ ಅನ್ನೋ ನಿಯಮ) ಮೇಲೆ ಹೋಗುತ್ತೆ, ಕೆಲವರು ಕನ್ವರ್ಟ್ ಆದ ತಕ್ಷಣ ಅಳಿಸ್ತಾರೆ, ಕೆಲವರು ಕೆಲವು ಗಂಟೆ ಇಟ್ಕೋತಾರೆ, ಫ್ರೀ ವೆಬ್‌ಸೈಟ್‌ಗಳಲ್ಲಿ ಏನಾಗುತ್ತೆ ಅಂತ ಪಾಲಿಸಿ ಓದದೆ ಹೇಳೋಕೆ ಆಗಲ್ಲ. ಪಾಲಿಸಿ ಓದೋವಾಗ ಬರೀ ಅಸಲಿ ಫೈಲ್ ಬಗ್ಗೆ ನೋಡ್ಬೇಡಿ. ಕನ್ವರ್ಟ್ ಆದ ಪಿಡಿಎಫ್, ಪ್ರಿವ್ಯೂಗೆ ಮಾಡಿದ ಚಿಕ್ಕ ಚಿತ್ರ, ಫೇಲ್ ಆದ ಫೈಲನ್ನ ಡೀಬಗ್ ಮಾಡೋಕೆ ಎತ್ತಿಟ್ಟಿರೋ ಕಾಪಿ, ಲಾಗ್‌ನಲ್ಲಿ ಬರೋ ಫೈಲ್ ಹೆಸರು, ಇವೆಲ್ಲ ಬೇರೆ ಬೇರೆ ಕಡೆ ಇರ್ತವೆ. ಫೈಲ್ ಹೆಸರಲ್ಲೇ ರೋಗಿಯ ಹೆಸರೋ ಕೇಸ್ ನಂಬರೋ ಇದ್ರೆ ಲಾಗ್ ಕೂಡ ಗುಟ್ಟಿನ ಮಾಹಿತಿನೇ ಆಯ್ತಲ್ಲ.

'ಎನ್‌ಕ್ರಿಪ್ಟ್ ಆಗಿರುತ್ತೆ ಬಿಡಿ' ಅಂತಾರೆ. ಹೋಗೋವಾಗ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಮಾಡೋ ಎನ್‌ಕ್ರಿಪ್ಷನ್) ಇರುತ್ತೆ, ಡಿಸ್ಕ್ ಮೇಲೂ ಎನ್‌ಕ್ರಿಪ್ಟ್ ಆಗಿರ್ಬಹುದು, ಆದ್ರೆ ಕನ್ವರ್ಟ್ ಮಾಡೋ ಇಂಜಿನ್ ಆ ಫೈಲನ್ನ ಬಿಚ್ಚಿ ಓದ್ಲೇಬೇಕು, ಓದದೆ ಜೋಡಿಸೋದು ಹೇಗೆ. ಆ ಕ್ಷಣದಲ್ಲಿ ಅದು ಅವರ ಮೆಮೊರಿಯಲ್ಲಿ ಬಟಾಬಯಲು.

ಯುರೋಪಿನವರ ವೈಯಕ್ತಿಕ ಮಾಹಿತಿ ಇದ್ರೆ 2018ರಿಂದ ಜಾರಿಯಲ್ಲಿರೋ ಅಲ್ಲಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ಪ್ರಕಾರ ಆ ಸರ್ವಿಸ್ ಜೊತೆ ಬರಹದಲ್ಲಿ ಪ್ರೊಸೆಸರ್ ಒಪ್ಪಂದ (ನಿಮ್ಮ ಪರವಾಗಿ ಡೇಟಾ ಮುಟ್ಟೋರ ಜೊತೆಗಿನ ಒಪ್ಪಂದ) ಬೇಕು. ಡೇಟಾ ಸೆಂಟರ್ ಯಾವ ದೇಶದಲ್ಲಿದೆ ಅನ್ನೋದ್ರ ಜೊತೆಗೆ ಕಂಪನಿ ಯಾವ ದೇಶದ್ದು ಅಂತಾನೂ ನೋಡಿ, ಯಾಕಂದ್ರೆ 2018ರಲ್ಲೇ ಬಂದ ಅಮೆರಿಕದ ಕ್ಲೌಡ್ ಆಕ್ಟ್ ಪ್ರಕಾರ ಅಲ್ಲಿನ ಕಂಪನಿಗಳು ಬೇರೆ ದೇಶದಲ್ಲಿಟ್ಟ ಡೇಟಾವನ್ನೂ ಕಾನೂನು ಪ್ರಕಾರ ಕೇಳಿದ್ರೆ ಕೊಡ್ಬೇಕಾಗಬಹುದು. ಎಸ್‌ಒಸಿ 2 ಆಡಿಟ್ ವರದಿ, ಐಎಸ್‌ಒ 27001 ಸೆಕ್ಯೂರಿಟಿ ಸರ್ಟಿಫಿಕೇಟ್ ಇದ್ರೆ ಒಳ್ಳೇದೇ, ಆದ್ರೆ ಫೈಲ್ ಎಷ್ಟು ಹೊತ್ತು ಇರುತ್ತೆ ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಡಲ್ಲ.

ಹಾಗಾದ್ರೆ ನಮ್ಮ ಸರ್ವರ್‌ನಲ್ಲೇ ಇಟ್ಕೊಂಡ್ರೆ ಸೇಫ್ ತಾನೆ?

ಫೈಲ್ ಹೊರಗೆ ಹೋಗಲ್ಲ ಅನ್ನೋ ಮಟ್ಟಿಗೆ ಹೌದು. ಆದ್ರೆ ಹೊರಗಿನವರು ಕಳ್ಸಿದ ಫೈಲನ್ನ ಓಪನ್ ಮಾಡೋ ಅಪಾಯ ಈಗ ನಿಮ್ಮ ಮನೆಯೊಳಗೆ ಬಂತು. ಕನ್ವರ್ಟರ್ ಅನ್ನೋದು ಅಪರಿಚಿತರ ಫೈಲ್‌ಗಳನ್ನ ದಿನವಿಡೀ ಬಿಚ್ಚೋ ಪ್ರೋಗ್ರಾಮ್. 2016ರಲ್ಲಿ ಚಿತ್ರ ಕನ್ವರ್ಟ್ ಮಾಡೋ ಇಮೇಜ್‌ಮ್ಯಾಜಿಕ್‌ನಲ್ಲಿ ಸಿಕ್ಕ ದೋಷ ಇಮೇಜ್‌ಟ್ರ್ಯಾಜಿಕ್ ಅಂತಾನೇ ಹೆಸರಾಯ್ತು, ಕೇಡಿಗರು ತಯಾರಿಸಿದ ಒಂದು ಚಿತ್ರ ಅಪ್‌ಲೋಡ್ ಮಾಡಿದ್ರೆ ಸರ್ವರ್‌ನಲ್ಲಿ ಕಮಾಂಡ್ ಓಡ್ತಿತ್ತು. 2023ರಲ್ಲಿ ಘೋಸ್ಟ್‌ಸ್ಕ್ರಿಪ್ಟ್‌ನಲ್ಲೂ ಅಂಥದ್ದೇ ಸಿಕ್ತು. ಕ್ಲೌಡ್‌ನಲ್ಲಿದ್ರೆ ಪ್ಯಾಚ್ ಹಾಕೋದು ಅವರ ಕೆಲಸ, ನಿಮ್ಮಲ್ಲಿದ್ರೆ ನಿಮ್ಮದು, ಆ ವಾರ ರಜೆ ಇದ್ರೂ ನಿಮ್ಮದೇ.

ಎಚ್‌ಟಿಎಮ್‌ಎಲ್ (ವೆಬ್ ಪೇಜ್) ಇಂದ ಪಿಡಿಎಫ್ ಮಾಡ್ತಿದ್ರೆ ಇನ್ನೊಂದು ಇದೆ. ಬಂದ ಪೇಜ್ ಒಳಗೆ ಇನ್ನೊಂದು ಪೇಜ್ ತೋರಿಸೋ ಐಫ್ರೇಮ್‌ನ ಲಿಂಕ್ ಜಾಗದಲ್ಲಿ ಯಾರೋ 169.254.169.254 ಅಂತ ಹಾಕಿರ್ತಾರೆ. ಅದು ಕ್ಲೌಡ್ ಮಷೀನ್‌ಗಳ ಒಳಗಿಂದ ಮಾತ್ರ ಸಿಗೋ ಮೆಟಾಡೇಟಾ (ಆ ಮಷೀನ್ ಬಗ್ಗೆ ಮಾಹಿತಿ ಕೊಡೋ) ಅಡ್ರೆಸ್. ಕನ್ವರ್ಟರ್ ಪಾಪ ಮಾಮೂಲಿ ಪೇಜ್ ಅಂದ್ಕೊಂಡು ಅಲ್ಲಿಗೆ ಹೋಗುತ್ತೆ, ಬಂದ ಉತ್ತರವನ್ನ ಪಿಡಿಎಫ್ ಮೇಲೆ ಅಚ್ಚು ಹಾಕಿ ಕೈಗೆ ಕೊಡುತ್ತೆ, ಅದರಲ್ಲಿ ಮಷೀನ್‌ನ ಗುಟ್ಟಿನ ಕೀಗಳೂ ಇರ್ಬಹುದು. ಆಫೀಸ್ ಒಳಗಿನ ಸರ್ವರ್ ಆದ್ರೆ ಇಂಟ್ರಾನೆಟ್ ಪೇಜ್‌ಗಳು ಹೀಗೇ ಹೊರಗೆ ಬರ್ತವೆ. ಹಾಗಾಗಿ ಕನ್ವರ್ಟರ್ ಓಡೋ ಕಂಟೇನರ್‌ಗೆ (ಸರ್ವರ್‌ನಲ್ಲಿ ಪ್ರೋಗ್ರಾಮನ್ನ ಬೇರೆಯಾಗಿ ಇಡೋ ಡಬ್ಬಿ) ಹೊರಗೆ ಹೋಗೋ ನೆಟ್‌ವರ್ಕ್ ಕಟ್ ಮಾಡಿ, ರೂಟ್ (ಎಲ್ಲ ಅಧಿಕಾರ ಇರೋ ಯೂಸರ್) ಅಲ್ಲದ ಯೂಸರ್‌ನಲ್ಲಿ ಓಡಿಸಿ, ಮ್ಯಾಕ್ರೋ (ಫೈಲ್ ಒಳಗಿರೋ ಚಿಕ್ಕ ಪ್ರೋಗ್ರಾಮ್) ಆಫ್ ಮಾಡಿ, ಟೆಂಪ್ ಫೋಲ್ಡರನ್ನ ಪ್ರತಿ ಕೆಲಸ ಆದ್ಮೇಲೆ ಖಾಲಿ ಮಾಡಿ. ಟೆಂಪ್ ಫೋಲ್ಡರ್ ಮಾತ್ರ ದಯವಿಟ್ಟು ಇವತ್ತೇ ತೆಗೆದು ನೋಡಿ, ಕ್ರ್ಯಾಶ್ ಆದ ಕೆಲಸಗಳ ಅರ್ಧಂಬರ್ಧ ಫೈಲ್‌ಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರ್ತವೆ.

ವರ್ಷನ್ ಅಪ್‌ಡೇಟ್ ಆದ್ರೆ ಒಳ್ಳೇದಲ್ವಾ? ಅದರಲ್ಲಿ ಭಯ ಏನು?

ನಾನು ಮೇಲೆ ಹೇಳಿದ ಎರಡನೇ ವಿಷಯ ಇದೇ. ಕ್ಲೌಡ್‌ನಲ್ಲಿ ಇಂಜಿನ್ ಅಪ್‌ಡೇಟ್ ಆದ್ರೆ ನಿಮಗೆ ಗೊತ್ತಾಗೋದು ಔಟ್‌ಪುಟ್ ಬದಲಾದಾಗ. ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟ್‌ನಲ್ಲಿ ಹೀಗಾಯ್ತು: ಪತ್ರಗಳನ್ನ ಪಿಡಿಎಫ್ ಮಾಡಿ, ಮೂರನೇ ಪೇಜ್‌ನ ಕೆಳಗೆ ಇಂತಿಷ್ಟು ಮಿಲಿಮೀಟರ್ ಜಾಗದಲ್ಲಿ ಡಿಜಿಟಲ್ ಸಹಿ ಕೂರಿಸ್ತಿದ್ವಿ, ಜಾಗ ಕೋಡ್‌ನಲ್ಲಿ ಫಿಕ್ಸ್. ಒಂದು ಸೋಮವಾರ ಬೆಳಿಗ್ಗೆ ನೋಡಿದ್ರೆ ಸಹಿ ಟೇಬಲ್ ಮೇಲೆ ಬಂದು ಕೂತಿದೆ, ಮೊತ್ತದ ಅಂಕಿನೇ ಮುಚ್ಚಿಹೋಗಿದೆ. ನಾವು ಕೋಡ್ ಮುಟ್ಟಿರಲಿಲ್ಲ, ಟೆಂಪ್ಲೇಟ್ ಮುಟ್ಟಿರಲಿಲ್ಲ. ಆ ಕಡೆ ವಾರಾಂತ್ಯದಲ್ಲಿ ಟೇಬಲ್ ಸಾಲಿನ ಎತ್ತರದ ಒಂದು ಬಗ್ ಸರಿ ಮಾಡಿದ್ರಂತೆ, ಅವರ ಬದಲಾವಣೆ ಸರಿಯಾದದ್ದೇ, ಆದ್ರೆ ನಮ್ಮ ಲೆಕ್ಕ ತಪ್ಪಿತ್ತು. ಎರಡು ದಿನ ಎಲ್ಲ ಪತ್ರಗಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕಾಯ್ತು.

ಆನ್‌ಪ್ರೆಮಿಸ್‌ನಲ್ಲಿ ವರ್ಷನ್ ಪಿನ್ ಮಾಡಿ (ತಾನಾಗೇ ಬದಲಾಗದ ಹಾಗೆ ಒಂದೇ ವರ್ಷನ್‌ಗೆ ಕಟ್ಟಿ) ಇಟ್ಕೋಬಹುದು, ಹೊಸದನ್ನ ಟೆಸ್ಟ್ ಮಷೀನ್‌ನಲ್ಲಿ ಓಡಿಸಿ ನೋಡಿ ಆಮೇಲೆ ಬದಲಾಯಿಸಬಹುದು. ಆದ್ರೆ ಪಿನ್ ಮಾಡಿ ಮರೆತುಬಿಟ್ರೆ ಮೇಲೆ ಹೇಳಿದ ಸೆಕ್ಯೂರಿಟಿ ತೂತುಗಳು ಹಾಗೇ ಉಳೀತವೆ. ಕ್ಲೌಡ್ ತಗೊಳ್ಳೋದಾದ್ರೆ ಎಪಿಐ ಕರೆಯುವಾಗ ಇಂಜಿನ್ ವರ್ಷನ್ ಹೇಳೋಕೆ ಬರುತ್ತಾ, ಹಳೇದು ಎಷ್ಟು ದಿನ ಇರುತ್ತೆ, ಬದಲಾಯಿಸೋ ಮುಂಚೆ ಮೇಲ್ ಬರುತ್ತಾ ಅಂತ ಬರಹದಲ್ಲಿ ಕೇಳಿ. ಎಪಿಐ ವರ್ಷನ್ ಬೇರೆ, ಇಂಜಿನ್ ವರ್ಷನ್ ಬೇರೆ, ಎಪಿಐ ವಿ2 ಅಂತ ಹಾಗೇ ಇದ್ರೂ ಒಳಗಿನ ಇಂಜಿನ್ ಹತ್ತು ಸಲ ಬದಲಾಗಿರುತ್ತೆ.

ಇದಕ್ಕೇ ಸೇರಿದ ಇನ್ನೊಂದು, ಎರಡೂ ಕಡೆ ಕಾಡೋದು: ವರ್ಡ್‌ನಲ್ಲಿ ತಾರೀಕಿಗೆ ಡೇಟ್ ಫೀಲ್ಡ್ ಹಾಕಿರ್ತಾರೆ, ಅದು ಓಪನ್ ಮಾಡಿದ ದಿನದ ತಾರೀಕು ತೋರಿಸುತ್ತೆ. ಹಳೇ ಪತ್ರಗಳನ್ನ ಒಟ್ಟಿಗೆ ಪಿಡಿಎಫ್ ಮಾಡಿದ್ರೆ ಎಲ್ಲದರ ಮೇಲೂ ಇವತ್ತಿನ ತಾರೀಕು ಬರಬಹುದು. ಹಳೇ ದಾಖಲೆ ಕನ್ವರ್ಟ್ ಮಾಡೋರು ಮೊದಲು ಈ ಫೀಲ್ಡ್ ಹುಡುಕಿ.

ಸ್ಪೀಡ್ ಯಾವುದರಲ್ಲಿ ಜಾಸ್ತಿ?

ದಿನಕ್ಕೆ ಕೆಲವು ನೂರು ಫೈಲ್ ಆದ್ರೆ ಎರಡೂ ಒಂದೇ. ದೊಡ್ಡ ಬ್ಯಾಚ್ ಆದ್ರೆ ಲೆಕ್ಕ ಹಾಕಿ ನೋಡಿ: 10 ಲಕ್ಷ ಫೈಲ್, ಒಂದೊಂದು 2 ಎಂಬಿ, ಒಟ್ಟು 2 ಟಿಬಿ. 100 ಎಂಬಿಪಿಎಸ್ ಲೈನ್ ಪೂರ್ತಿ ಇದಕ್ಕೇ ಬಿಟ್ರೂ ಬರೀ ಅಪ್‌ಲೋಡ್‌ಗೆ ಸುಮಾರು 44 ಗಂಟೆ, ಆಮೇಲೆ ಡೌನ್‌ಲೋಡ್ ಬೇರೆ. ಫೈಲ್‌ಗಳು ಈಗಾಗ್ಲೇ ಕ್ಲೌಡ್ ಸ್ಟೋರೇಜ್‌ನಲ್ಲೇ ಇದ್ರೆ ಲೆಕ್ಕ ತಿರುಗುಮುರುಗು, ಅದನ್ನ ಕೆಳಗಿಳಿಸಿ ಆಫೀಸ್‌ನಲ್ಲಿ ಕನ್ವರ್ಟ್ ಮಾಡಿ ಮತ್ತೆ ಹತ್ತಿಸೋದ್ರಲ್ಲಿ ಅರ್ಥ ಇಲ್ಲ. ಕ್ಲೌಡ್‌ನಲ್ಲಿ ನಿಮಿಷಕ್ಕೆ ಇಷ್ಟೇ ರಿಕ್ವೆಸ್ಟ್ ಅಂತ ಮಿತಿ ಇರುತ್ತೆ, ದಾಟಿದ್ರೆ 429 (ರಿಕ್ವೆಸ್ಟ್ ಜಾಸ್ತಿ ಆಯ್ತು ಅನ್ನೋ ಎರರ್ ಕೋಡ್) ಬರುತ್ತೆ, ಅದಕ್ಕೆ ಕಾದು ಮತ್ತೆ ಕಳ್ಸೋ ಕೋಡ್ ಮೊದಲೇ ಬರೆದಿಡಿ.

ಮೈಕ್ರೋಸಾಫ್ಟ್ ವರ್ಡನ್ನೇ ಸರ್ವರ್‌ನಲ್ಲಿ ಹಾಕಿ ಓಡಿಸಿದ್ರೆ ಔಟ್‌ಪುಟ್ ಪಕ್ಕಾ ಬರುತ್ತಲ್ಲ?

ಬರುತ್ತೆ, ಆದ್ರೆ ಯಾರೂ ಕೂತಿರದ ಸರ್ವರ್‌ನಲ್ಲಿ ಆಫೀಸ್ ಆಟೋಮೇಷನ್ ಮಾಡೋದನ್ನ ಮೈಕ್ರೋಸಾಫ್ಟೇ ಸಪೋರ್ಟ್ ಮಾಡಲ್ಲ ಅಂತ ಬರೆದಿದೆ. ಮಧ್ಯರಾತ್ರಿ ವರ್ಡ್ ಒಂದು ಡೈಲಾಗ್ ಬಾಕ್ಸ್ ತೆಗೆದು ಓಕೆ ಒತ್ತೋರಿಗೆ ಕಾಯ್ತಾ ನಿಲ್ಲುತ್ತೆ, ಹಿಂದೆ ಕ್ಯೂ ಪೂರ್ತಿ ನಿಲ್ಲುತ್ತೆ. ಬೇಡ.

ಲಿಬ್ರೆಆಫೀಸ್ ಫ್ರೀ ಇದೆಯಲ್ಲ, ಅದೇ ಸಾಕಾಗಲ್ವಾ?

ತುಂಬಾ ಕಡೆ ಸಾಕು, ನಾನು ಮೊದಲು ಅದನ್ನೇ ಟ್ರೈ ಮಾಡಿ ಅಂತೀನಿ. ಹೆಡ್‌ಲೆಸ್ ಮೋಡ್‌ನಲ್ಲಿ (ಸ್ಕ್ರೀನ್ ಮೇಲೆ ವಿಂಡೋ ತೆರೆಯದೆ) ಒಂದೇ ಕಮಾಂಡ್. ಆದ್ರೆ ಒಂದೇ ಯೂಸರ್ ಪ್ರೊಫೈಲ್‌ನಲ್ಲಿ ಎರಡು ಕೆಲಸ ಒಟ್ಟಿಗೆ ಓಡಿಸೋಕೆ ಹೋದ್ರೆ ಎರಡನೇದು ಏನೂ ಹೇಳದೆ ಕೈಕೊಡ್ಬಹುದು, ಪ್ರತಿ ವರ್ಕರ್‌ಗೂ (ಕನ್ವರ್ಟ್ ಕೆಲಸ ಮಾಡೋ ಒಂದೊಂದು ಪ್ರೊಸೆಸ್) ಬೇರೆ ಪ್ರೊಫೈಲ್ ಫೋಲ್ಡರ್ ಕೊಡಿ. ಟೈಮ್‌ಔಟ್ ಹಾಕಿ, ಸಿಕ್ಕಿಹಾಕಿಕೊಂಡ ಪ್ರೊಸೆಸ್ ಕೊಂದುಹಾಕಿ, ಕೆಲವು ನೂರು ಫೈಲ್ ಆದ್ಮೇಲೆ ವರ್ಕರ್ ರೀಸ್ಟಾರ್ಟ್ ಮಾಡಿ. ಇಷ್ಟನ್ನ ನೀವೇ ಕಟ್ಟೋಕೆ ಬೇಜಾರಾದ್ರೆ ಗೋಟೆನ್‌ಬರ್ಗ್ ಅಂತ ಓಪನ್ ಸೋರ್ಸ್ ಡಾಕರ್ ಇಮೇಜ್ (ಹಾಗೇ ಓಡಿಸಬಹುದಾದ ರೆಡಿ ಕಂಟೇನರ್) ಇದೆ, ಒಳಗೆ ಲಿಬ್ರೆಆಫೀಸ್ ಕ್ರೋಮಿಯಂ ಎರಡೂ ಇದ್ದು ಎಚ್‌ಟಿಟಿಪಿಯಲ್ಲಿ ಕರೀಬಹುದು. ವೆಬ್ ಪೇಜನ್ನ ಪಿಡಿಎಫ್ ಮಾಡೋ ಹಳೇ ಟೂಲ್ ಡಬ್ಲ್ಯುಕೆಎಚ್‌ಟಿಎಮ್‌ಎಲ್‌ಟುಪಿಡಿಎಫ್ ಇನ್ನೂ ಬಳಸ್ತಿದ್ರೆ ಬಿಟ್ಟುಬಿಡಿ, ಆ ಪ್ರಾಜೆಕ್ಟ್ 2023ರಲ್ಲೇ ಆರ್ಕೈವ್ ಆಯ್ತು.

ನಮ್ಮ ಕ್ಲೌಡ್ ಅಕೌಂಟ್‌ನಲ್ಲೇ ಕನ್ವರ್ಟರ್ ಕಂಟೇನರ್ ಓಡಿಸಿದ್ರೆ ಅದು ಯಾವ ಲೆಕ್ಕ?

ಹೆಸರಿಗೆ ಕ್ಲೌಡ್, ಜವಾಬ್ದಾರಿ ಲೆಕ್ಕದಲ್ಲಿ ಆನ್‌ಪ್ರೆಮಿಸ್. ಹಾರ್ಡ್‌ವೇರ್ ತಲೆನೋವು ಇಲ್ಲ, ವರ್ಷನ್ ನಿಮ್ಮ ಕೈಲಿ, ಫೈಲ್ ನಿಮ್ಮ ಅಕೌಂಟ್ ಬಿಟ್ಟು ಹೋಗಲ್ಲ. ಮಧ್ಯಮ ಗಾತ್ರದ ಹೆಚ್ಚಿನ ತಂಡಗಳಿಗೆ ನಾನು ಹೇಳೋದು ಇದನ್ನೇ. ಎಡಬ್ಲ್ಯುಎಸ್ ಲ್ಯಾಂಬ್ಡಾ (ಸರ್ವರ್ ನೋಡ್ಕೊಳ್ಳದೆ ಕೋಡ್ ಓಡಿಸೋ ಅಮೆಜಾನ್ ಸರ್ವಿಸ್) ಮೇಲೆ ಹಾಕೋ ಯೋಚನೆ ಇದ್ರೆ ಅದರ ಮಿತಿ ನೆನಪಿಡಿ: ಒಂದು ಸಲಕ್ಕೆ ಹೆಚ್ಚೆಂದ್ರೆ 15 ನಿಮಿಷ, ನೇರವಾಗಿ ಕಳ್ಸೋ ರಿಕ್ವೆಸ್ಟ್ 6 ಎಂಬಿ. ಫೈಲನ್ನ ಸ್ಟೋರೇಜ್‌ಗೆ ಹಾಕಿ ಅದರ ಲಿಂಕ್ ಮಾತ್ರ ಕಳ್ಸಿ.

ಖರ್ಚು ಹೇಗೆ ಹೋಲಿಸೋದು?

ಕ್ಲೌಡ್‌ನವರು ಪೇಜಿಗೋ ಫೈಲಿಗೋ ಕ್ರೆಡಿಟ್‌ಗೋ ಲೆಕ್ಕ ಹಾಕ್ತಾರೆ, ಆನ್‌ಪ್ರೆಮಿಸ್‌ನವರು ಸರ್ವರ್‌ಗೋ ಕೋರ್‌ಗೋ. ಕ್ಲೌಡ್‌ನಲ್ಲಿ ಫೇಲ್ ಆದ ಕನ್ವರ್ಷನ್‌ಗೂ ಕ್ರೆಡಿಟ್ ಹೋಗುತ್ತಾ, ಒಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದೋದು) ಸೇರಿದ್ರೆ ಎಷ್ಟು ಪಟ್ಟು ಅಂತ ಕೇಳಿ. ಆನ್‌ಪ್ರೆಮಿಸ್‌ನಲ್ಲಿ ಟೆಸ್ಟ್ ಸರ್ವರ್‌ಗೂ ಸ್ಟ್ಯಾಂಡ್‌ಬೈ ಸರ್ವರ್‌ಗೂ ಬೇರೆ ಲೈಸೆನ್ಸ್ ಬೇಕಾ ಅಂತ ಕೇಳಿ, ಜೊತೆಗೆ ಪ್ಯಾಚ್ ಹಾಕಿ ಲಾಗ್ ನೋಡೋ ಮನುಷ್ಯನ ಸಮಯ ಸೇರಿಸಿ, ಅದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಆನ್‌ಪ್ರೆಮಿಸ್ ಯಾವಾಗ್ಲೂ ಅಗ್ಗ ಕಾಣುತ್ತೆ. ಕೆಲಸ ವರ್ಷವಿಡೀ ಒಂದೇ ಸಮ ಇದ್ರೆ ಆನ್‌ಪ್ರೆಮಿಸ್ ಗೆಲ್ಲುತ್ತೆ, ತಿಂಗಳ ಕೊನೇ ಎರಡು ದಿನ ಮಾತ್ರ ಸುರಿಮಳೆ ಆದ್ರೆ ಕ್ಲೌಡ್.

99.9 ಪರ್ಸೆಂಟ್ ಅಪ್‌ಟೈಮ್ ಅಂದ್ರೆ ಸಾಕಾ?

ತಿಂಗಳಿಗೆ ಸುಮಾರು 43 ನಿಮಿಷ ಬಂದ್ ಇರ್ಬಹುದು ಅಂತ ಅರ್ಥ. ರಾತ್ರಿ ಬ್ಯಾಚ್ ಆದ್ರೆ ಪರವಾಗಿಲ್ಲ. ಗ್ರಾಹಕರು ಬಟನ್ ಒತ್ತಿ ಕಾಯ್ತಿದ್ರೆ ಕ್ಯೂ ಇಟ್ಕೊಳ್ಳಿ.

ದಾಖಲೆ ಹತ್ತಾರು ವರ್ಷ ಇಡ್ಬೇಕು, ಯಾವುದು ವಾಸಿ?

ಎಲ್ಲಿ ಕನ್ವರ್ಟ್ ಮಾಡಿದ್ರೂ ಪಿಡಿಎಫ್/ಎ ಮಾಡಿ. ಐಎಸ್‌ಒ 19005 ಅಂತ 2005ರಲ್ಲಿ ಬಂದ ಸ್ಟ್ಯಾಂಡರ್ಡ್, ಬಳಸಿದ ಫಾಂಟ್ ಎಲ್ಲ ಫೈಲ್ ಒಳಗೇ ಇರ್ಬೇಕು, ಪಾಸ್‌ವರ್ಡ್ ಎನ್‌ಕ್ರಿಪ್ಷನ್ ಇರ್ಬಾರ್ದು, ಜಾವಾಸ್ಕ್ರಿಪ್ಟ್ ಇರ್ಬಾರ್ದು. ಸಾಫ್ಟ್‌ವೇರ್ 'ಪಿಡಿಎಫ್/ಎ ಆಯ್ತು' ಅಂದ್ರೆ ನಂಬ್ಬೇಡಿ, ವೆರಾಪಿಡಿಎಫ್ ಅನ್ನೋ ಓಪನ್ ಸೋರ್ಸ್ ಟೂಲ್‌ನಲ್ಲಿ ಚೆಕ್ ಮಾಡಿ. ಅಸಲಿ ವರ್ಡ್ ಫೈಲನ್ನೂ ಬಿಸಾಡ್ಬೇಡಿ.

ಟ್ರಯಲ್ ಮಾಡೋವಾಗ ಏನು ನೋಡ್ಬೇಕು?

ಮಾರೋರು ಕೊಡೋ ಸ್ಯಾಂಪಲ್ ಫೈಲ್ ಮುಟ್ಟಲೇಬೇಡಿ, ಅದು ಎಲ್ಲ ಕಡೆ ಚೆನ್ನಾಗೇ ಬರುತ್ತೆ. ನಿಮ್ಮ ಹತ್ರ ಇರೋದ್ರಲ್ಲಿ ಅತ್ಯಂತ ಕೆಟ್ಟ ಐವತ್ತು ಫೈಲ್ ಆರಿಸಿ: ಅಡ್ಡ ಪೇಜ್ ಉದ್ದ ಪೇಜ್ ಬೆರೆತಿರೋದು, ಟ್ರ್ಯಾಕ್ ಚೇಂಜಸ್ ಆನ್ ಇರೋದು, ಎಂಟು ಕಾಲಂ ದಾಟಿ ಹೊರಗೆ ಹೋಗೋ ಎಕ್ಸೆಲ್, ಹಳೇ ಡಾಟ್ ಡಾಕ್, ಪಾಸ್‌ವರ್ಡ್ ಇರೋದು, ಅರ್ಧ ಕೆಟ್ಟುಹೋಗಿರೋದು. ಪಾಸ್‌ವರ್ಡ್ ಇರೋ ಫೈಲ್‌ಗೆ ಸ್ಪಷ್ಟ ಎರರ್ ಬರ್ಬೇಕು, ಖಾಲಿ ಪಿಡಿಎಫ್ ಕೊಟ್ಟು ಸಕ್ಸಸ್ ಅಂದ್ರೆ ಆ ಸಾಫ್ಟ್‌ವೇರ್ ಬೇಡ. ಗುಟ್ಟಿನ ಫೈಲ್ ಇದ್ರೆ ಹೆಸರು ನಂಬರ್ ಬದಲಾಯಿಸಿ ಕಳ್ಸಿ, ಟ್ರಯಲ್ ಅಕೌಂಟ್‌ಗೆ ಒಪ್ಪಂದದ ರಕ್ಷಣೆ ಇಲ್ಲದೇ ಇರ್ಬಹುದು.

ಬಂದ ಪಿಡಿಎಫ್‌ಗಳನ್ನ ಇಂಜಿನ್ ವರ್ಷನ್ ಬರೆದು ಎತ್ತಿಡಿ. ಮುಂದೆ ಪ್ರತಿ ಅಪ್‌ಡೇಟ್‌ಗೂ ಅದೇ ಐವತ್ತು ಓಡಿಸಿ, ಪೇಜ್‌ಗಳನ್ನ ಚಿತ್ರ ಮಾಡಿ ಹಳೇದರ ಜೊತೆ ಹೋಲಿಸಿ, ಕ್ಲೌಡ್ ಆದ್ರೆ ಇದನ್ನ ಪ್ರತಿ ರಾತ್ರಿ ಓಡೋ ಹಾಗೆ ಇಟ್ಬಿಡಿ. ನಮ್ಮಲ್ಲಿ ಆ ಸೋಮವಾರದ ನಂತರ ಶುರು ಮಾಡಿದ್ದು ಇದು.

ಈಗ ಕ್ಲೌಡ್ ತಗೊಂಡು ಆಮೇಲೆ ಆನ್‌ಪ್ರೆಮಿಸ್‌ಗೆ ಹೋಗ್ಬಹುದಾ?

ಹೋಗ್ಬಹುದು, ಅವರ ಎಪಿಐಯನ್ನ ನಿಮ್ಮ ಕೋಡ್‌ನ ಇಪ್ಪತ್ತು ಕಡೆ ನೇರವಾಗಿ ಕರೆದಿಲ್ಲ ಅಂದ್ರೆ. ಫೈಲ್ ತಗೊಂಡು ಪಿಡಿಎಫ್ ಕೊಡೋ ಒಂದು ಚಿಕ್ಕ ಫಂಕ್ಷನ್ ನಿಮ್ಮದೇ ಬರ್ಕೊಳ್ಳಿ, ಎಲ್ಲ ಕಡೆ ಅದನ್ನೇ ಕರೀರಿ, ಒಳಗೆ ಯಾರಿದ್ದಾರೆ ಅನ್ನೋದು ಒಂದೇ ಜಾಗದಲ್ಲಿ ಇರ್ಲಿ. ಬದಲಾಯಿಸೋ ದಿನ ಎರಡೂ ಇಂಜಿನ್‌ಗೆ ಅದೇ ಐವತ್ತು ಫೈಲ್ ಕೊಟ್ಟು, ಪೇಜ್ ಕೌಂಟ್ ಎಲ್ಲಿ ಬೇರೆ ಬಂತು ಅಂತ ಮೊದಲು ನೋಡಿ.